ಮಿದುಳಿಗೊಂದು ಬಸಿಗಾಲುವೆ

ನನ್ನ ತಂಗಿಯ ಮಾತ್ರೆಗಳನ್ನು ನನಗೆ ಒಂದು ಮಾತೂ ತಿಳಿಸದೆ ನಿಲ್ಲಿಸಿದರು. ಹನೂರಿನ ದಾಯಾದಿಗಳಿಗೆ ಸುದ್ದಿ ಮುಟ್ಟಿತ್ತು. ಕೊಳ್ಳೇಗಾಲದಲ್ಲಿರುವ ಒಡಹುಟ್ಟಿದ ಅಣ್ಣನಾದ ನನಗೆ ಮುಟ್ಟಿರಲಿಲ್ಲ. ಇದನ್ನು ಅನ್ಯಾಯ ಎನ್ನದೆ ಬೇರೇನೆನ್ನಲಿ?

ತಂಗಿ ನಾಗಮಣಿಯ ಗಂಡನ ಮನೆ ಯಳಂದೂರಿನ ಪಕ್ಕದ ಹಳ್ಳಿಯಲ್ಲಿದೆ. ಈ ಬೇಸಿಗೆಯಲ್ಲಿ ಆಕೆಯ ಎಡಗಣ್ಣು ಇದ್ದಕ್ಕಿದ್ದಂತೆ ಮಂಜಾಯಿತು. "ಇದ್ಯಾಕಣ್ಣಾ, ಕುಂಕುಮ ಕಾಫಿಪುಡಿ ಥರ ಕಾಣ್ತದೆ?" ಎಂದಳು. ಕನ್ನಡಕ ಬದಲಿಸಿದೆವು. ಪ್ರಯೋಜನವಾಗಲಿಲ್ಲ. ಮೈಸೂರಿನ ನರರೋಗ ತಜ್ಞರು ಸ್ಕ್ಯಾನ್ ಮಾಡಿಸಿ, ಮಿದುಳಿನಲ್ಲೂ ಕಣ್ಣಿನ ನರದಲ್ಲೂ ಉರಿಯೂತವಿದೆ ಎಂದರು. ದೇಹವನ್ನು ಕಾಯಬೇಕಾದ ಕಣಗಳೇ ಮಿದುಳಿನ ಮೇಲೆ ಬಿದ್ದಿವೆಯಂತೆ. ಅದಕ್ಕೆ ಮಾತ್ರೆ ಬರೆದುಕೊಟ್ಟರು.

ರೋಗಿಯ ಪಕ್ಕದಲ್ಲಿ ಇದ್ದದ್ದು ಒಂದೇ ಕುರ್ಚಿ. ಡಾಕ್ಟರು ಅದನ್ನು ತಂಗಿಯ ಗಂಡ ಮಹದೇವಸ್ವಾಮಿಗೆ ತೋರಿಸಿದರು. ವಯಸ್ಸಿನಲ್ಲಿ ಹಿರಿಯನಾದ ನಾನು ನಿಂತೇ ಇದ್ದೆ. (ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ನನಗೆ ಎಲೆ ಹಾಕಿಸದವನು ಇವನೇ.)

"ಏನು ಕೆಲಸ ಮಾಡ್ತೀರಿ?" ಎಂದು ಡಾಕ್ಟರು ಅವನನ್ನು ಕೇಳಿದರು.

"ಬತ್ತದ ಗದ್ದೆ ಸಾ."

ಡಾಕ್ಟರಿಗೆ ಉತ್ಸಾಹ ಬಂತು. ಒಂದು ತಲೆ ಬರೆದರು. ಮಿದುಳಿನ ಹೊದಿಕೆ, ಹೊದಿಕೆಯಲ್ಲಿ ಸಣ್ಣ ಸಣ್ಣ ನಾಳ, ಕೆಳಗೆ ಕತ್ತಿನ ಗ್ರಂಥಿಗಳನ್ನೂ ಬರೆದರು. "ಇವು ದುಗ್ಧನಾಳಗಳು. ನಿಮ್ಮ ಗದ್ದೆಯ ಬಸಿಗಾಲುವೆ ಇದ್ದ ಹಾಗೆ. ಮಿದುಳಿನ ಕಲ್ಮಶ ಇವುಗಳಿಂದ ಕತ್ತಿಗೆ ಇಳಿಯುತ್ತೆ. ಇಂಥ ಕಾಯಿಲೆಯಲ್ಲಿ ಇವುಗಳ ಪಾತ್ರವೂ ಇದೆ ಅಂತ ಈಗೀಗ ತಿಳೀತಾ ಇದೆ."

ನಾನು ಓದಿದ ಕಾಲದ ಪುಸ್ತಕದಲ್ಲಿ ಮಿದುಳಿಗೆ ದುಗ್ಧನಾಳವೇ ಇಲ್ಲ ಎಂದಿತ್ತು. ಹಾಗಾದರೆ ಇವು ಎಲ್ಲಿಂದ ಬಂದವು? ಕೇಳಿಯೇಬಿಟ್ಟೆ.

"ಮೊದಲಿಂದಲೂ ಇದ್ದವು ಸರ್. ನಾವು ಸರಿಯಾಗಿ ನೋಡಿರಲಿಲ್ಲ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕೆಲವು ವಾರ ಕಳೆದು ತಂಗಿಯನ್ನು ನೋಡಲು ಹೋದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ! ಮಂಚವೇ ಜಾರುಬಂಡೆಯಾಗಿತ್ತು.

"ಏನಯ್ಯಾ ಇದು?"

"ಇಳಿಜಾರು ಭಾವ," ಎಂದ ಮಹದೇವಸ್ವಾಮಿ. "ಡಾಕ್ಟ್ರೇ ಯೋಳುದ್ರಲ್ಲ, ನೀವೂ ಅಲ್ಲೇ ನಿಂತಿದ್ರಲ್ಲ. ಮ್ಯಾಲಿಂದ ಕತ್ಗೆ ಬಸೀಬೇಕು. ಮಟ್ಟವಾಗಿದ್ರೆ ನೀರು ಎತ್ತಗೆ ಓಯ್ತದೆ?"

(ನಾನು ನಿಂತಿದ್ದನ್ನು ಅವನೂ ಮರೆತಿಲ್ಲ ನೋಡಿ.)

"ಮಾತ್ರೆ?"

"ಅದ್ನ ನಿಲ್ಸುದ್ದೆ. ಮಾತ್ರೆ ತಕಂಡ್ಮೇಲೇ ಅಲ್ವಾ ಇವ್ಳ ಮೊಕ ಊದ್ಕಂಡದ್ದು? ಅಂಗಂದ್ರೆ ಬಸಿಗಾಲ್ವೆ ಕಟ್ಕಂಡದೆ. ನೀರು ನಿಂತಿರೋ ಗದ್ದೆಗೆ ಇನ್ನೂ ಗೊಬ್ರ ಸುರುದ್ರೆ ಪೈರು ಉಳೀತದಾ ಭಾವ?"

  ಅವನ ತರ್ಕ ತಪ್ಪೆಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ಎಲ್ಲಿ ತಪ್ಪಿದೆ? ಕಾಲುವೆ ಇದೆ ಎಂದವರು ಡಾಕ್ಟರು. ಮುಖ ಊದಿದ್ದು ಕಣ್ಣೆದುರಿಗಿದೆ. ಆ ಮಾತ್ರೆಗೆ ಮುಖ ಊದುವುದು ಸಾಮಾನ್ಯ ಎಂದು ಆಗ ನಮಗೆ ಹೇಳಿದವರು ಯಾರು?

"ನೀವಿಬ್ರೂವೆ ಕಾಲ್ವೆ ಇಚಾರ ಆಮೇಕ್ ಮಾತಾಡ್ಕಳಿ," ಎಂದಳು ನಾಗಮಣಿ. "ಮಲಗುದ್ರೆ ಸಾಕು, ಜಾರ್ಕಂಡು ಜಾರ್ಕಂಡು ಮಂಚದ್ ಕಾಲ್ಕಡೆ ಬತ್ತೀನಿ. ಅದಾದ್ರೂ ಇರ್ಲಿ. ನೆನ್ನೆಯಿಂದ ಈ ಕಣ್ಗೆ ಒಲೆ ಬೆಂಕಿನೂ ಬೂದಿ ಥರ ಕಾಣ್ತದೆ ಕಣಣ್ಣಾ."

ಮಹದೇವಸ್ವಾಮಿ ಇಟ್ಟಿಗೆ ಎಳೆದುಹಾಕಿದ. ಆಗಲೇ ಕಾರು ಮಾಡಿಕೊಂಡು ಮೈಸೂರಿಗೆ ಹೊರಟೆವು.

ಡಾಕ್ಟರು ಗದರಿದರು. ಇಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯವಂತೆ. ಅಡ್ಮಿಟ್ ಮಾಡಿಕೊಂಡು ಡ್ರಿಪ್ ಹಾಕಿಸಿದರು. ಈ ಸಲ ಕುರ್ಚಿಯಲ್ಲಿ ನಾನೇ ಮೊದಲು ಕುಳಿತು ಕೇಳಿದೆ: "ಆ ಕಾಲುವೆ ತೆರೆದಿರಬೇಕೋ, ಮುಚ್ಚಿರಬೇಕೋ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಕಷ್ಟದ ಪ್ರಶ್ನೆ. ಕಲ್ಮಶ ಹೊರಗೆ ಹೋಗೋದು ಅದೇ ದಾರಿ. ಮಿದುಳಿನ ಸುಳಿವು ಕತ್ತಿನ ಗ್ರಂಥಿಗೆ ಮುಟ್ಟೋದೂ ಅದೇ ದಾರಿ. ದಾಳಿ ಮಾಡೋ ಕಣಗಳು ಅಲ್ಲೇ ಪಾಠ ಕಲಿತು ಬರಬಹುದು. ಇಲಿಗಳ ಮೇಲೆ ಮಾಡಿದ ಒಂದು ಪ್ರಯೋಗದಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಕಂಡಿದೆ. ಮನುಷ್ಯರಲ್ಲಿ ಇನ್ನೂ ಖಚಿತವಿಲ್ಲ."

"ಅಂಗಂದ್ರೆ ಸಾ, ಅದು ಒಳ್ಳೇದಾ ಕೆಟ್ಟದ್ದಾ?" ಮಹದೇವಸ್ವಾಮಿ ಕೇಳಿದ.

"ಎರಡೂ ಇರಬಹುದು."

ಮಹದೇವಸ್ವಾಮಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಮದುವೆಯಾದ ದಿನದಿಂದ ನಾವಿಬ್ಬರೂ ಒಂದೇ ಪಕ್ಷದಲ್ಲಿದ್ದದ್ದು ಇದೇ ಮೊದಲು.

ಡಾಕ್ಟರ ಕೋಣೆಯಿಂದ ನಮ್ಮಂಥವರು ಮನೆಗೆ ಒಯ್ಯುವುದು ಏನನ್ನು? ಔಷಧದ ಹೆಸರು ನಾಲಗೆಗೆ ಹತ್ತುವುದಿಲ್ಲ. ಹೋಲಿಕೆ ಹತ್ತುತ್ತದೆ. ಹೋಲಿಕೆಯನ್ನು ಜೋಪಾನವಾಗಿ ಒಯ್ದು, ಅದರ ಪ್ರಕಾರವೇ ವೈದ್ಯ ನಡೆಸುತ್ತೇವೆ.

ತಂಗಿ ಮನೆಗೆ ಬಂದಿದ್ದಾಳೆ. ಮಾತ್ರೆ ತಪ್ಪುತ್ತಿಲ್ಲ. ಆ ಕಣ್ಣಿಗೆ ಕೆಂಪು ಬಣ್ಣ ಅರ್ಧ ಮರಳಿದೆ. ಉಳಿದರ್ಧ ಬರಬಹುದು, ಬರದೆಯೂ ಇರಬಹುದು ಎಂದಿದ್ದಾರೆ.

ಡಾಕ್ಟರೇ, ನಿಮಗೆ ಗೊತ್ತಿದ್ದುದನ್ನು ಅಷ್ಟು ಚೆಂದವಾಗಿ ಚಿತ್ರ ಬರೆದು ತೋರಿಸಿದಿರಿ. ಗೊತ್ತಿಲ್ಲದ್ದನ್ನೂ ಅಂದೇ ಏಕೆ ಹೇಳಲಿಲ್ಲ?