ಸೊಸೆ ನುಂಗಿದ ಸಾಲು

ಚೆಕಿಂಗ್ ಅಮ್ಮ ಎಂದರೆ ಬೀದಿಗೆಲ್ಲ ಗೊತ್ತು. ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿಗಳನ್ನು ಮಗುಚಿ ಹಾಕಿ, ಬಿಟ್ಟುಹೋದ ಹೊಲಿಗೆ ಹುಡುಕುವುದೇ ಅವಳ ಜೀವಮಾನದ ಕೆಲಸ. ಕಣ್ಣಿನ ನರ ಒಣಗಿ ಮನೆ ಸೇರಿದ ಮೇಲೆ ಅಂಗಿ ಹೋಯಿತು, ಹುಡುಕಾಟ ಉಳಿಯಿತು. ಹಾಲಿನವನ ಅಳತೆಯ ಮೇಲೆ ಅನುಮಾನ, ಬಾಗಿಲ ಚಿಲಕದ ಮೇಲೆ ಅನುಮಾನ. ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ದೇವರು ನನ್ನ ಕಷ್ಟವೆಲ್ಲ ಕಳೆದರು ಎಂದು ಸಾಕ್ಷಿ ಹೇಳುವವರ ಮೇಲಂತೂ ದುಪ್ಪಟ್ಟು ಅನುಮಾನ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಲ್ಲೇ ಬೆಂಚಿನಲ್ಲಿ ಗೊಣಗುವಳು, ಪುಣ್ಯಾತ್ಗಿತ್ತಿ.

ಎಲ್ಲಕ್ಕಿಂತ ದೊಡ್ಡ ಅನುಮಾನ ಸೊಸೆಯ ಮೇಲೆ. ಒಬ್ಬನೇ ಮಗ ಜ್ವರದಲ್ಲಿ ಹೋಗಿ ವರ್ಷವಾಗುತ್ತ ಬಂತು. ಸೊಸೆ ಅತ್ತ ಸದ್ದು ಒಂದು ದಿನವೂ ಕಿವಿಗೆ ಬೀಳಲಿಲ್ಲ. ಬೆಳಗ್ಗೆ ಇಸ್ತ್ರಿ ಕೆಲಸಕ್ಕೆ ಹೋದಳು, ಸಂಜೆ ಬಂದು ಅಡುಗೆ ಮಾಡಿದಳು. ಇವಳಿಗೆ ನನ್ನ ಮಗ ಬೇಕಾಗಿದ್ದನೋ ಇಲ್ಲವೋ? ಈ ಮುಳ್ಳು ನಾಟಿದಂದಿನಿಂದ ಮುದುಕಿಗೆ ಪ್ರಾರ್ಥನೆಯೂ ಹತ್ತಲಿಲ್ಲ. ಬಾಯಿ ಆಮೆನ್ ಎನ್ನುತ್ತಿತ್ತು, ಒಳಗೆ ಏನೂ ಇರಲಿಲ್ಲ. ಸಾಯುವ ಕಾಲಕ್ಕೆ ದೇವರೂ ಕೈಬಿಟ್ಟರಲ್ಲ ಎಂಬ ದಿಗಿಲು ಬೇರೆ.

ಊಟಕ್ಕೆ ಮುಂಚೆ ಸೊಸೆ ಬೈಬಲ್ ಓದುವುದು ವಾಡಿಕೆ. ಅವತ್ತು ಒಂದು ಕೀರ್ತನೆ. ತನ್ನ ಗಂಡ ತೀರಿಕೊಂಡಾಗ ಮುದುಕಿ ತಾನೇ ಓದಿ ಓದಿ ಹಾಳೆ ಸವೆಸಿದ್ದ ಕೀರ್ತನೆ. ಬಾಯಾರಿದ ಜಿಂಕೆಯ ಸಾಲು ಬಂತು, ಹಬ್ಬದ ಗುಂಪಿನ ಸಾಲು ಬಂತು. ನಡುವಿನ ಒಂದು ಸಾಲು ಬರಲಿಲ್ಲ.

"ನಿಲ್ಲು. ಹಗಲೂ ರಾತ್ರಿ ಕಣ್ಣೀರೇ ಊಟ ಅಂತ ಇದೆಯಲ್ಲ, ಅದೆಲ್ಲಿ ಹೋಯ್ತು?"

ಸೊಸೆ ಹಾಳೆ ಮಗುಚಲು ಹೋದಳು.

"ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಮೊನ್ನೆನೂ ಹೀಗೇ ಹಾರಿಸಿದೆ. ಅಳು ಅಂತ ಬಂದ ಕಡೆಯೆಲ್ಲ ನುಂಗ್ತೀಯ. ಅಳೋದು ಅಂದ್ರೆ ನಿನಗೆ ಅಷ್ಟು ಭಾರವಾ?"

"ಆ ಸಾಲು ಓದಿದ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ ಅತ್ತೆ," ಎಂದಳು ಸೊಸೆ. "ಮನೇಲಿ ಇರೋದು ನಾವಿಬ್ರೇ. ನಾನೂ ಕುಸಿದು ಕೂತ್ರೆ ನಿಮ್ಮನ್ನ ನೋಡ್ಕೊಳ್ಳೋರು ಯಾರು?"

ಮುದುಕಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ನಾಚಿಕೆಯಿಂದ ತಲೆ ತಗ್ಗಿತು. ಆದರೂ ಹುಟ್ಟುಗುಣ ಎಲ್ಲಿ ಬಿಡುತ್ತದೆ? ಕೈ ಚಾಚಿ ಸೊಸೆಯ ಕೆನ್ನೆ ಮುಟ್ಟಿ ನೋಡಿದಳು. ಒದ್ದೆಯಾಗಿತ್ತು.

"ಓದು ಮಗಳೇ. ಕುಸಿದ್ರೆ ಇಬ್ರೂ ಕುಸಿಯೋಣ."

ಸೊಸೆ ಓದಿದಳು. ಅರ್ಧಕ್ಕೇ ಪುಸ್ತಕ ಮಡಿಲಿಗೆ ಇಳಿಸಿದಳು. ಉಳಿದದ್ದನ್ನು ಮುದುಕಿ ಬಾಯಿಪಾಠದಿಂದ ಹೇಳಿ ಮುಗಿಸಿದಳು, ದೇವರನ್ನೇ ನಿರೀಕ್ಷಿಸು ಎಂಬ ಕೊನೆಯ ಮಾತಿನವರೆಗೂ. ಒಬ್ಬರನ್ನೊಬ್ಬರು ಹಿಡಿದುಕೊಂಡು ಮನಸಾರೆ ಅತ್ತರು. ಎಷ್ಟೋ ಕಾಲದ ಮೇಲೆ ಆಮೆನ್ ಎಂಬುದು ಮುದುಕಿಯ ಹೊಟ್ಟೆಯೊಳಗಿನಿಂದ ಬಂತು. ಅವಳಿಗೆ ಹಗುರವಾಯಿತು, ಖುಷಿಯೂ ಆಯಿತು. ಮಾಡಿದ ಅಡುಗೆ ಒಲೆಯ ಮೇಲೇ ಆರಿಹೋಯಿತು.

ಭಾನುವಾರ ಚರ್ಚಿನಲ್ಲಿ ಸಭಾಪಾಲಕರು, ಸಾಕ್ಷಿ ಹೇಳುವವರಿದ್ದರೆ ಹೇಳಬಹುದು ಎಂದರು. ಚೆಕಿಂಗ್ ಅಮ್ಮ ಬೆಂಚು ಹಿಡಿದು ಎದ್ದಳು. ಇವತ್ತು ಯಾರ ಬಣ್ಣ ಬಯಲೋ ಎಂದು ಹಿಂದಿನವರು ಗುಸುಗುಸು ಎಂದರು.

"ನನಗೆ ಕಣ್ಣು ಬಂದಿಲ್ಲ, ಮಗನೂ ಬಂದಿಲ್ಲ," ಎಂದಳು. "ನನ್ನ ಸೊಸೆ ಅತ್ತಳು. ದೇವರಿಗೆ ಸ್ತೋತ್ರ."