ರಮಾ ಕೇಳದೆ ಬಿಟ್ಟಿದ್ದ ಒಬ್ಬರು

೨೦೨೪ನೆಯ ಇಸವಿಯ ಮಾರ್ಚ್ ೧೬, ಶನಿವಾರ. ವಸಂತ ಋತು ಕಾಲಿಟ್ಟಿತ್ತಾದರೂ ಹಿಂದಿನ ದಿನದ ಮಳೆಯಿಂದಾಗಿ ಅಮೆರಿಕದ ಡಲ್ಲಾಸಿನ ಬೆಳಗು ತಣ್ಣಗಿತ್ತು. ಅದರ ಹೊರವಲಯದ ಕ್ಯಾರಲ್ಟನ್ನಿನ ದಿನಸಿ ಅಂಗಡಿಯ ಮುಂದೆ, ಮಕ್ಕಳ ಮನೆಗೆಂದು ಕರ್ನಾಟಕದಿಂದ ಬಂದಿದ್ದ ಕೆಲವು ಹಿರಿಯರು ಪುಳಿಯೋಗರೆಯ ಡಬ್ಬಿಗಳೊಡನೆ ಬದರಿನಾಥರ ವ್ಯಾನನ್ನು ಏರುತ್ತಿದ್ದರು. ಊರಿನಿಂದ ಬಂದ ತಂದೆತಾಯಿಯರಿಗೆ ರೆಡ್ ನದಿಯಾಚೆ, ನೆರೆರಾಜ್ಯ ಒಕ್ಲಹೋಮದ ಕ್ಯಾಸಿನೊವನ್ನು ಒಮ್ಮೆ ತೋರಿಸುವುದು ಇಲ್ಲಿನ ನಮ್ಮವರಲ್ಲಿ ರೂಢಿಯಾಗಿದೆ. ಮಕ್ಕಳಿಗೆ ಬಿಡುವಿಲ್ಲದಾಗ ನಿವೃತ್ತ ಎಂಜಿನಿಯರ್ ಬದರಿನಾಥರೇ ಕರೆದೊಯ್ಯುತ್ತಿದ್ದರು. ಪರೋಪಕಾರಿ ಎಂದು ಅವರಿಗೆ ಹೆಸರಿತ್ತು.

ಅಂದು ರಮಾ ಕೂಡ ಜೊತೆಗಿದ್ದರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, ೨೦೧೧ರ ಆಗಸ್ಟಿನಲ್ಲಿ ಆಸ್ಟಿನ್ನಿಗೆ ಬಂದ ಆಕೆ, ಕ್ಯಾಸಿನೊಗೆ ಹೋಗುವ ಭಾರತೀಯರಲ್ಲಿ ಜೂಜು ಚಟವಾಗುವ ಬಗೆಯನ್ನು ಸಂಶೋಧಿಸುತ್ತಿದ್ದರು. ಯಾರನ್ನು ಕೇಳಿದರೂ "ಸುಮ್ನೆ ನೋಡೋಕೆ ಬಂದ್ವಿ" ಎಂಬುದೇ ಉತ್ತರ. ಹಾಗೆ ಕೇಳಲು ಜನರನ್ನು ಒದಗಿಸುತ್ತಿದ್ದವರು ಬದರಿನಾಥರು. ಆದುದರಿಂದ ಅವರನ್ನು ರಮಾ ಸಹಾಯಕರೆಂದೇ ಎಣಿಸಿ, ಏನನ್ನೂ ಕೇಳಿರಲಿಲ್ಲ. ಇಷ್ಟು ಉಪಕಾರ ಮಾಡುವವರನ್ನು ಅಂಥ ಪ್ರಶ್ನೆ ಕೇಳಲು ಸಂಕೋಚವೂ ಇತ್ತು.

ಮಧ್ಯಾಹ್ನ ಕ್ಯಾಸಿನೊದ ಉಪಾಹಾರ ಶಾಲೆಯಲ್ಲಿ ಧಾರವಾಡದ ರಾಜಲಕ್ಷ್ಮಿಯವರು ಡಬ್ಬಿ ಬಿಚ್ಚಿದ್ದರು.

"ಆಡಿದ್ರಾ ಆಂಟಿ?" ಎಂದು ರಮಾ ಕೇಳಿದರು.

"ಎಲ್ಲಿ ಆಡೂದವಾ! ಆ ಲೈಟ್ ನೋಡಿ ತಲಿ ತಿರಗಿತು. ಬದರಿನಾಥ್ ಅವರಿಗೆ ಒಂದ್ ತುತ್ತು ಕೊಡೂಣು ಅಂದ್ರ ಮಷೀನ್ ಬಿಟ್ಟು ಏಳವಲ್ರು. ಎಷ್ಟ್ ಕರದ್ರೂ ಹೊಳ್ಳಿ ನೋಡಲಿಲ್ಲ. ಪಾಪ, ಕಿವಿ ಮಂದ ಏನು?"

ಅವರ ಕಿವಿ ಚೆನ್ನಾಗಿಯೇ ಇದೆಯೆಂಬುದು ರಮಾ ಅವರಿಗೆ ಗೊತ್ತಿತ್ತು. ಎದ್ದುಹೋಗಿ, ಜೂಜಿನ ಯಂತ್ರದ ಮುಂದಿದ್ದ ಬದರಿನಾಥರ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಅಂಕಲ್, ಅವರನ್ನೆಲ್ಲ ಕೇಳಿದ್ದನ್ನ ನಿಮ್ಮನ್ನೂ ಕೇಳ್ಬೇಕು."

"ನಾನು ಡ್ರೈವರ್ ಕಣಮ್ಮ! ಡ್ರೈವರಿಗೆಂಥ ಸರ್ವೆ?" ಬದರಿನಾಥರು ನಕ್ಕರು.

"ಕರ್ಕೊಂಡು ಬರೋಕೆ ಯಾರೂ ಇಲ್ಲದ ವಾರ ನೀವು ಬರಲ್ವಾ?"

ನಗು ನಿಂತಿತು. "ಬರ್ತೀನಿ. ಯಾರನ್ನೋ ಕರ್ಕೊಂಡು ಹೋಗ್ತಿದ್ದೀನಿ ಅಂತ ಕೃಷ್ಣವೇಣಿಗೆ ಸುಳ್ಳು ಹೇಳಿ ಬರ್ತೀನಿ." ಕೃಷ್ಣವೇಣಿ ಅವರ ಪತ್ನಿ.

"ಬಿಡ್ಬೇಕು ಅನ್ನಿಸಿದೆಯಾ?"

"ವಾಪಸ್ ಹೋಗೋವಾಗೆಲ್ಲ."

ತನ್ನನ್ನು ಒಳಗೆ ಬಿಡಬೇಡಿರೆಂದು ಗಿರಾಕಿಯೇ ಕ್ಯಾಸಿನೊಗೆ ಬರೆದುಕೊಡಲು ಅವಕಾಶವಿದೆ. ರಮಾ ಅದನ್ನು ವಿವರಿಸಿ, "ಈ ಮಾತು ನಾನು ಯಾರಿಗೂ ಹೇಳೋ ಹಾಗಿಲ್ಲ ಅಂಕಲ್. ಕೃಷ್ಣವೇಣಿ ಆಂಟಿಗೆ ನೀವೇ ಹೇಳ್ಬೇಕು" ಎಂದರು.

"ಆಮೇಲೆ ಈ ಹಿರಿಯರಿಗೆ ಏನಂತ ಹೇಳ್ಲಿ? ನನ್ನನ್ನ ಒಳ್ಳೇವನು ಅಂದ್ಕೊಂಡಿದಾರೆ."

"ಪೇರ್ಲ್ಯಾಂಡ್ ಮೀನಾಕ್ಷಿ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ."

"ಹ್ಯೂಸ್ಟನ್ ದಾಟಿ ಹೋಗ್ಬೇಕಲ್ಲಮ್ಮ! ಅಷ್ಟು ದೂರಾನಾ?"

"ಈ ಕ್ಯಾಸಿನೊದಿಂದ ದೂರ ಇದ್ರೇನೇ ಒಳ್ಳೇದು ಅಂಕಲ್."

ಬದರಿನಾಥರು ಗುಂಡಿಯ ಮೇಲಿದ್ದ ಕೈಯನ್ನು ತೆಗೆದರು. ಊಟಕ್ಕೆ ಎದ್ದರು.

ಮಾರ್ಚ್ ೨೩ರಂದು ಅವರು ಪತ್ನಿಗೆ ಎಲ್ಲವನ್ನೂ ತಿಳಿಸಿದರು. ಏಪ್ರಿಲ್ ೬ರಂದು ಇಬ್ಬರೂ ಹೋಗಿ ನಿಷೇಧವನ್ನು ಬರೆದುಕೊಟ್ಟು ಬಂದರು. ನವೆಂಬರ್ ೨ರಂದು ಬದರಿನಾಥರು ಬೇರೊಂದು ಕ್ಯಾಸಿನೊಗೆ ಹೋದದ್ದುಂಟು. ಅದನ್ನು ಅಂದೇ ಮನೆಯಲ್ಲಿ ಒಪ್ಪಿಕೊಂಡರು. ೨೦೨೫ರ ಜನವರಿಯಿಂದ ಜೂಜು ಬಿಟ್ಟವರ ವಾರದ ಸಭೆಗೆ ಹೋಗುತ್ತಿದ್ದಾರೆ. ರಮಾ ಅವರ ವರದಿಯು ಅದೇ ವರ್ಷ ಮೇ ೩೦ರಂದು ಪೂರ್ಣಗೊಂಡಿತು. ಇತರರನ್ನು ಕರೆತರುವವರನ್ನೂ ತಪ್ಪದೆ ವಿಚಾರಿಸಬೇಕೆಂದು ಅದರಲ್ಲಿ ಸೇರಿಸಿದ್ದಾರೆ. ಇಲ್ಲಿ ಹೆಸರು ಬರೆಯಲು ಬದರಿನಾಥ ದಂಪತಿಗಳು ಒಪ್ಪಿಗೆ ಕೊಟ್ಟಿದ್ದಾರೆ.