ಗೋಡೆಯೊಳಗಿನ ತಂತಿ

ಗುಂಡಿಯಣ್ಣನಿಗೆ ಆ ಹೆಸರು ಬಂದದ್ದು ಗುಂಡಿಯಿಂದಲೇ. ಟೆಲಿಫೋನ್ ಇಲಾಖೆಯಲ್ಲಿ ನೆಲದಡಿಯ ಕೇಬಲ್ ಜೋಡಿಸುವುದು ಅವನ ಕೆಲಸ. ಊರಿನ ಯಾವ ರಸ್ತೆಯನ್ನು ಅಗೆದರೂ ಆ ಗುಂಡಿಯೊಳಗೆ, ಕತ್ತಿನ ಮಟ್ಟಕ್ಕೆ ಇಳಿದು, ಪಕ್ಕದ ಮಣ್ಣಿಗೆ ಒಂದು ಛತ್ರಿ ನೆಟ್ಟುಕೊಂಡು ಅವನು ಕೂತಿರುತ್ತಿದ್ದ. ತೋಳಿನಷ್ಟು ದಪ್ಪದ ಕೇಬಲಿನ ಹೊಟ್ಟೆ ಸೀಳಿ, ಒಳಗಿನ ನೂರಾರು ಎಳೆಗಳನ್ನು ಜೋಡಿ ಜೋಡಿಯಾಗಿ ಹೊಸೆಯಬೇಕು. ಒಂದು ಮನೆಯ ಫೋನು ಇನ್ನೊಂದು ಮನೆಯಲ್ಲಿ ಬಡಿದುಕೊಂಡಿತು ಎಂಬ ದೂರು ಮೂವತ್ತು ವರ್ಷದಲ್ಲಿ ಅವನ ಮೇಲೆ ಒಂದೂ ಬಂದಿರಲಿಲ್ಲ. ಬಡಾಯಿಯ ಆಸಾಮಿಯಲ್ಲ. ಆದರೆ ತಂತಿಯ ಮಾತು ಬಂದರೆ ಮಾತ್ರ ಅವನ ಮೂಗು ಒಂದಂಗುಲ ಮೇಲೇರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅಡುಗೆಮನೆಯ ಗೂಡಿನಲ್ಲಿ ಇಟ್ಟಿಗೆಯಷ್ಟು ದೊಡ್ಡ ರೇಡಿಯೋ ಒಂದಿತ್ತು. ಸಂಜೆ ಅವನು ಕೈಕಾಲಿನ ಮಣ್ಣು ತೊಳೆದು ಗೋಡೆಗೊರಗಿ ಕೂತರೆ, ಹೆಂಡತಿ ತರಕಾರಿ ಹೆಚ್ಚುತ್ತ ಹಾಡಿನ ಜೊತೆಗೆ ಗುನುಗುತ್ತಿದ್ದಳು. ರೇಡಿಯೋದವರು ಹಾಡನ್ನು ಅರ್ಧಕ್ಕೆ ಕತ್ತರಿಸಿ ಸುದ್ದಿ ಶುರುಮಾಡಿದರೆ, ಉಳಿದರ್ಧವನ್ನು ಅವಳೇ ಮುಗಿಸುತ್ತಿದ್ದಳು, ಸುದ್ದಿಯ ನೆತ್ತಿಯ ಮೇಲೆಯೇ. ಮಂತ್ರಿಗಳ ಎಷ್ಟೋ ಭಾಷಣ ಆ ಮನೆಗೆ ತಲುಪಲೇ ಇಲ್ಲ. ಇಂಥವಳಿಗೆ ಇಟ್ಟಿಗೆ ಸಾಲದು, ಒಂದು ಸರಿಯಾದ ಸ್ಟೀರಿಯೊ ಬೇಕು, ಇಬ್ಬರೂ ಎದುರಿಗೆ ಕೂತು ಕೇಳಬೇಕು ಎಂಬ ಆಸೆ ಅವನಿಗೆ ಹುಟ್ಟಿದ್ದು ಆಗಲೇ. ಆಸೆಯೇನೋ ಒಳ್ಳೆಯದೇ. ಆದರೆ ಗಂಡಂದಿರ ಒಳ್ಳೆಯ ಆಸೆಗಳಿಂದ ಸಂಸಾರಗಳಿಗೆ ಆಗಿರುವಷ್ಟು ಲುಕ್ಸಾನು ಅವರ ಕೆಟ್ಟ ಚಟಗಳಿಂದಲೂ ಆಗಿರಲಾರದು.

ಸ್ವಂತ ಮನೆಗೆ ಗಾರೆ ಬಳಿಯುವಾಗ ಗುಂಡಿಯಣ್ಣ ಮೇಸ್ತ್ರಿಯನ್ನು ಎರಡು ದಿನ ಸುಮ್ಮನೆ ಕೂರಿಸಿದ. ನಡುಮನೆಯ ಗೋಡೆಯಲ್ಲಿ ತಾನೇ ಸಣ್ಣ ಕಾಲುವೆ ತೋಡಿ, ಸ್ಪೀಕರ್ ಇಡುವ ಎರಡು ಮೂಲೆಗಳಿಗೂ ಒಂದೊಂದು ಜೋಡಿ ತಂತಿ ಎಳೆದ. ಎಲ್ಲ ಒಂದೇ ಕಪ್ಪು ತಂತಿ. ಯಾವುದು ಯಾವ ಮೂಲೆಯ ಜೋಡಿ ಎಂದು ಗುಂಡಿಯಲ್ಲಿ ಮಾಡುವಂತೆಯೇ ಬಝರ್ ಹಚ್ಚಿ, ಗುಂಯ್ ಸದ್ದು ಕೇಳಿ ಗುರುತಿಸಿ, ತುದಿಗಳಿಗೆ ಕೆಂಪು ದಾರ ಕಟ್ಟಿದ. ಆದರೆ ಒಂದು ಜೋಡಿಯ ಎರಡು ಎಳೆಗಳಲ್ಲಿ, ಈ ತುದಿಯಲ್ಲಿ ದಾರ ಕಟ್ಟಿದ ಎಳೆಗೇ ಆ ತುದಿಯಲ್ಲೂ ಕಟ್ಟಿದೆನೇ ಎಂದು ಅವನು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಫೋನಿನ ಕೆಲಸದಲ್ಲಿ ಜೋಡಿ ಸರಿಯಿದ್ದರೆ ಮುಗಿಯಿತು. ಎರಡು ಎಳೆ ಹಿಂದುಮುಂದಾದರೂ ಗಂಟೆ ಬಡಿಯುತ್ತದೆ, ಅತ್ತೆ ಸೊಸೆಯರು ಮಾತಾಡುತ್ತಾರೆ, ಜಗಳವೂ ಸಾಂಗವಾಗಿ ನಡೆಯುತ್ತದೆ. ಮೂರು ದಿನದಲ್ಲಿ ಗಾರೆ ಒಣಗಿತು.

ಸ್ಟೀರಿಯೊ ಬಂತು. ಎದುರಿಗೆ ಬೆತ್ತದ ಎರಡು ಕುರ್ಚಿ ಬಂದವು. ಅವಳ ಇಷ್ಟದ ಹಾಡಿನ ರೆಕಾರ್ಡು ತಿರುಗಿತು. ಹೆಂಡತಿ ತಲೆ ಓರೆಮಾಡಿ ಕೇಳಿದಳು.

"ಹಾಡೋರು ಎಲ್ಲಿದಾರೆ ಅಂತಾನೇ ಗೊತ್ತಾಗಲ್ವಲ್ರೀ. ಒಂದ್ಸಲ ತಲೆ ಹಿಂದೆ, ಒಂದ್ಸಲ ಎಲ್ಲೂ ಇಲ್ಲ. ದನಿಗೆ ಹೊಟ್ಟೇನೇ ಇಲ್ಲ. ನಮ್ಮ ರೇಡಿಯೋನೇ ವಾಸಿ ಇತ್ತು."

ಎರಡು ದಿನ ಸುಣ್ಣದ ಧೂಳು ಕುಡಿದ ಗಂಡನಿಗೆ ಹೇಳಬಾರದ ಮಾತು ಅದು.

"ಸ್ಟೀರಿಯೊ ಅಂದ್ರೆ ಹಾಗೇ ಕಣೇ. ಅದಕ್ಕೆಲ್ಲ ಕಿವಿ ಬೇಕು. ಇಟ್ಟಿಗೆ ಕೇಳಿದ ಕಿವಿಗೆ ಇದೆಲ್ಲಿ ತಿಳಿಯತ್ತೆ?"

ಅವಳು ಜಗಳವಾಡಲಿಲ್ಲ. ಎದ್ದು ಒಳಗೆ ಹೋದಳು. ಅವಳು ಹೇಳಿದ್ದು ನಿಜ ಎಂದು ಅವನ ಕಿವಿಗೂ ಗೊತ್ತಾಗಿತ್ತು. ಕಿವಿ ಒಪ್ಪಿತು, ಬಾಯಿ ಒಪ್ಪಲಿಲ್ಲ. ಅವಳಿಂದ ಒಂದು ದಿನ ಮನಸಾರೆ ‘ಆಹಾ’ ಅನ್ನಿಸಿ, ಆ ಕುರ್ಚಿಯಲ್ಲಿ ಕೂತು ಗುನುಗುವ ಹಾಗೆ ಮಾಡಬೇಕು. ಅಂದಿನಿಂದ ಗುಂಡಿಯಣ್ಣನ ಬಾಳಿಗೆ ಅದೊಂದೇ ಗುರಿಯಾಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಾರಲ್ಲ, ಹಾಗೆ ಶುರುವಾಯಿತು. ಮೊದಲು ರೆಕಾರ್ಡಿನ ಮೇಲೆ ಓಡುವ ಮುಳ್ಳು ಬದಲಾಯಿತು. ಆಮೇಲೆ ಮುಳ್ಳು ಹಿಡಿಯುವ ತೋಳು. ಎರಡು ವರ್ಷ ಬಿಟ್ಟು ಆಂಪ್ಲಿಫೈಯರ್. ಒಂದು ಬೇಸಿಗೆಯಲ್ಲಿ ಸ್ಪೀಕರ್‌ಗಳು, ಅವು ಸಾಲದೆ ಮಗಳ ಎದೆಮಟ್ಟ ಬರುವ ಇನ್ನೂ ದೊಡ್ಡವು. ಅವುಗಳ ಕಾಲಡಿಗೆ ಕಲ್ಲಿನ ಹಲಗೆ. ಕಲ್ಲಿನಡಿಗೆ ರಬ್ಬರು. ಅವನು ಇದೆಲ್ಲ ಕೊಳ್ಳುತ್ತಿದ್ದ ಹಳೆಯ ರೇಡಿಯೋ ಅಂಗಡಿಯಲ್ಲಿ ಯಜಮಾನರ ಎದುರು ಕೂತು ಕೇಳಿದಾಗ ಎದೆ ತುಂಬ ಹಾಡುತ್ತಿದ್ದ ಡಬ್ಬಿ, ಅವನ ನಡುಮನೆಯ ಹೊಸ್ತಿಲು ದಾಟಿದ ಕೂಡಲೇ ನೆಗಡಿಯಾದವರ ಹಾಗೆ ಮೂಗೆಳೆಯುತ್ತಿತ್ತು.

"ಮನೇಲಿ ತಂತಿ ಗಿಂತಿ ಒಂದ್ಸಲ ನೋಡಿದೀರಾ ಗುಂಡಿಯಣ್ಣ?" ಎಂದು ಯಜಮಾನರು ಒಮ್ಮೆ ಕೇಳಿದ್ದರು.

"ಯಜಮಾನ್ರೇ, ಮೀನಿಗೆ ಈಜು ಹೇಳ್ಕೊಡ್ತೀರಾ? ಆ ಮನೇಲಿ ಸರಿಯಾಗಿರೋದು ಅಂದ್ರೆ ತಂತಿ ಒಂದೇ."

ಯಜಮಾನರು ಮತ್ತೆ ಆ ಸುದ್ದಿಗೆ ಹೋಗಲಿಲ್ಲ. ವ್ಯಾಪಾರಸ್ಥರು, ಹೆಚ್ಚು ಒತ್ತಾಯ ಅವರಿಗೂ ಒಳ್ಳೆಯದಲ್ಲ.

ಪ್ರತಿಯೊಂದು ಹೊಸ ಡಬ್ಬಿ ಬಂದಾಗಲೂ ಮನೆಯಲ್ಲಿ ಅದೇ ಆಟ. "ಬಾರೇ, ಒಂದ್ನಿಮಿಷ ಕೇಳು." ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು "ಚೆನ್ನಾಗಿದೆ" ಅನ್ನುತ್ತಿದ್ದಳು. ಅಂಗಡಿಯಲ್ಲಿ ಚಪ್ಪಲಿ ಕಾಲಿಗೆ ಕಚ್ಚಿದರೂ ಮುಲಾಜಿಗೆ ಹೇಳುವ ‘ಚೆನ್ನಾಗಿದೆ’. ಗುಂಡಿಯಣ್ಣ ಅದನ್ನು ಕೇಳಿ, ರಾತ್ರಿಯೂಟ ಮುಗಿಯುವುದರೊಳಗೆ ಮುಂದೆ ಏನು ಬದಲಾಯಿಸಬೇಕೆಂದು ತೀರ್ಮಾನಿಸುತ್ತಿದ್ದ. ಮಗಳು ಓದು ಮುಗಿಸಿ, ಮದುವೆಯಾಗಿ, ಹೋಗುವಾಗ, "ಅಪ್ಪಾ, ಆ ಕುರ್ಚಿ ಮೇಲೆ ಒಗೆದ ಬಟ್ಟೆ ಬಿಟ್ರೆ ಬೇರೆ ಯಾರೂ ಕೂತಿದ್ದು ನಾನು ನೋಡ್ಲಿಲ್ಲ" ಎಂದು ನಕ್ಕಳು. ಅವನೂ ನಕ್ಕ. ನಗುವಂಥದ್ದೇನೂ ಇರಲಿಲ್ಲ.

ಹತ್ತೊಂಬತ್ತು ವರ್ಷ ಹೀಗೆ ಕಳೆದವು. ಅಂಗಡಿಯ ಯಜಮಾನರಿಗೆ ವಯಸ್ಸಾಗಿ ಅಂಗಡಿ ಮುಚ್ಚುವವರಿದ್ದರು. ಕೊನೆಗೆ ಉಳಿದ ಒಂದು ಭಾರಿ ಆಂಪ್ಲಿಫೈಯರನ್ನು ಗುಂಡಿಯಣ್ಣನಿಗೇ ಎಂದು ಎತ್ತಿಟ್ಟು, ಒಂದು ಭಾನುವಾರ ಬೆಳಿಗ್ಗೆ ಗಾಡಿಯಲ್ಲಿ ತಾವೇ ತಂದರು. ಇಷ್ಟು ವರ್ಷದ ಗಿರಾಕಿಯ ಮನೆಗೆ ಅವರು ಬಂದದ್ದು ಅದೇ ಮೊದಲು. ಹೊಸದನ್ನು ಜೋಡಿಸುವ ಮೊದಲು ಹಳೆಯದನ್ನೇ ಒಮ್ಮೆ ಹಾಕಿಸಿ ಕೇಳಿದರು. ಹುಬ್ಬು ಗಂಟಿಕ್ಕಿತು.

"ಒಂದು ಟಾರ್ಚಿನ ಸೆಲ್ಲು ಕೊಡಿ."

ಆಂಪ್ಲಿಫೈಯರಿನ ಹಿಂದಿನಿಂದ ತಂತಿ ಬಿಚ್ಚಿ, ಬಲಗಡೆಯ ಜೋಡಿಗೆ ಸೆಲ್ಲು ಮುಟ್ಟಿಸಿದರು. ಬಲ ಸ್ಪೀಕರಿನ ಕಾಗದದ ಬಟ್ಟಲು ‘ಟಪ್’ ಎಂದು ಮುಂದಕ್ಕುಬ್ಬಿತು. ಎಡಗಡೆಯ ಜೋಡಿಗೆ, ಕೆಂಪು ದಾರ ನೋಡಿಯೇ, ಹಾಗೇ ಮುಟ್ಟಿಸಿದರು. ಎಡದ ಬಟ್ಟಲು ಒಳಕ್ಕೆ ಸೇದಿಕೊಂಡಿತು.

"ಎರಡೂ ಒಟ್ಟಿಗೆ ಉಸಿರು ಬಿಡ್ಬೇಕು ಗುಂಡಿಯಣ್ಣ. ಇಲ್ಲಿ ಒಂದು ಬಿಡ್ತಿದೆ, ಇನ್ನೊಂದು ಎಳ್ಕೋತಿದೆ. ಇದು ಕೊಟ್ಟಿದ್ದನ್ನ ಅದು ನುಂಗ್ತಿದೆ. ಎಷ್ಟು ದಿನದಿಂದ ಹೀಗಿದೆ?"

ಗುಂಡಿಯಣ್ಣ ಬಗ್ಗಿ ಕೆಂಪು ದಾರವನ್ನೇ ನೋಡಿದ. ಯಜಮಾನರು ಬಿದ್ದು ಬಿದ್ದು ನಕ್ಕಿದ್ದರೆ ಚೆನ್ನಾಗಿತ್ತು. ಅವರು ನಗಲಿಲ್ಲ. ಎಡಗಡೆಯ ಎರಡು ಎಳೆಗಳನ್ನು ಅದಲುಬದಲು ಮಾಡಿ ತಿರುಪು ಬಿಗಿಯಲು ಅರ್ಧ ನಿಮಿಷ ಹಿಡಿಯಿತು. ಮುಳ್ಳು ಇಳಿಸಿದರು.

ಹಾಡುವವಳು ಎರಡು ಸ್ಪೀಕರುಗಳ ನಡುವೆ, ಕ್ಯಾಲೆಂಡರಿನ ಮುಂದೆ, ಬಂದು ನಿಂತಳು. ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ದನಿಗೆ ಹೊಟ್ಟೆ ಬಂದಿತ್ತು, ಕಾಲು ನೆಲ ಮುಟ್ಟಿತ್ತು.

ಯಜಮಾನರು ತಂದ ಡಬ್ಬಿಯನ್ನು ಮತ್ತೆ ಗಾಡಿಗೆ ಹಾಕಿಸಿದರು. "ಇದು ಬೇಡ ನಿಮಗೆ," ಎಂದವರು ಬಾಗಿಲಲ್ಲಿ ತಡೆದು, "ಯಾವುದೂ ಬೇಕಾಗಿರ್ಲಿಲ್ಲ" ಎಂದು ಮೆಲ್ಲಗೆ ಹೇಳಿ ಹೊರಟುಹೋದರು.

ಹೆಂಡತಿ ಹಿತ್ತಲ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಗುಂಡಿಯಣ್ಣ ಓಡಿಹೋಗಿ ಅವಳ ರಟ್ಟೆ ಹಿಡಿದೇ ಕರೆತಂದ. ಕುರ್ಚಿಯ ಮೇಲಿನ ಬಟ್ಟೆ ಎತ್ತಿ ನೆಲಕ್ಕೆಸೆದು ಅವಳನ್ನು ಕೂರಿಸಿದ. ಮೊದಲ ದಿನದ ಅದೇ ರೆಕಾರ್ಡು. ಇಡೀ ಹಾಡು ಮುಗಿಯುವವರೆಗೆ ಅವಳ ಮುಖವನ್ನೇ ನೋಡಿದ.

"ಚೆನ್ನಾಗಿದೆ," ಎಂದಳು.

"ಹಾಗಲ್ಲ ಕಣೇ! ತಪ್ಪು ನಂದು. ತಂತಿ ತಿರುವುಮುರುವಾಗಿತ್ತು. ನೀನು ಆವತ್ತು ಹೇಳಿದ್ದೇ ಸರಿ."

"ನಾನೇನು ಹೇಳಿದ್ದೆ?"

"ಹಾಡೋರು ಎಲ್ಲಿದಾರೆ ಗೊತ್ತಾಗಲ್ಲ ಅಂದಿದ್ದೆ. ತಲೆ ಹಿಂದಿಂದ ಬರತ್ತೆ ಅಂದಿದ್ದೆ."

"ಅಂದಿದ್ನಾ? ಇರಬಹುದು."

"ಈಗ ಕೇಳು. ನಡೂಮಧ್ಯೆ ನಿಂತಿದಾಳೆ." ಅವನು ಮತ್ತೆ ಮುಳ್ಳು ಇಳಿಸಿದ. ಅವಳು ಕಣ್ಣು ಕಿರಿದುಮಾಡಿ, ಮೇಲಿನ ಅಟ್ಟದಲ್ಲಿ ಏನೋ ಹುಡುಕುವವಳ ಹಾಗೆ ಸ್ವಲ್ಪ ಹೊತ್ತು ಪಾಡುಪಟ್ಟಳು. ಆಮೇಲೆ ಕೈ ಮಡಿಲಿಗಿಟ್ಟಳು.

"ನಿಜ ಹೇಳ್ಲಾ? ಬೇಜಾರು ಮಾಡ್ಕೋಬೇಡಿ. ಇದು ಶುರುವಾದ ತಕ್ಷಣ ನಂಗೆ ಕೇಳ್ಸೋದೇ ನಿಂತ್ಹೋಗತ್ತೆ ರೀ. ಬೇಕಂತ ಅಲ್ಲ, ಅಭ್ಯಾಸ. ನೀವು ಕರೆದಾಗೆಲ್ಲ ಬಂದು ನಿಂತು, ಮನಸ್ಸಲ್ಲೇ ನೂರು ಎಣಿಸ್ತೀನಿ. ಆಮೇಲೆ ಚೆನ್ನಾಗಿದೆ ಅಂತೀನಿ."

"ನೂರಾ?"

"ಮೊದ್ಲು ಐವತ್ತೇ ಇತ್ತು. ಪಾಪ ಅನ್ನಿಸಿ ನೂರು ಮಾಡ್ದೆ."

ಗುಂಡಿಯಣ್ಣ ನಗಲು ನೋಡಿದ, ಆಗಲಿಲ್ಲ. "ಈ ಹಾಡು ನಿಂಗೆ ಪೂರ್ತಿ ಬರ್ತಿತ್ತಲ್ಲ. ಒಂದೇ ಒಂದು ಸಾಲು ಹೇಳೇ, ಜೊತೇಲಿ."

ಅವಳು ಇಲ್ಲವೆನ್ನಲಿಲ್ಲ. ಗಂಟಲು ಸರಿಮಾಡಿಕೊಂಡು ಹಾಡಿಗಿಂತ ಒಂದು ಹೆಜ್ಜೆ ಹಿಂದೆ ಶುರುಮಾಡಿದಳು. ಮೂರನೆಯ ಪದಕ್ಕೆ ದನಿ ಒಡೆಯಿತು, ನಾಲ್ಕನೆಯದು ನೆನಪಾಗಲಿಲ್ಲ. ಪರರ ಮನೆಯಲ್ಲಿ ಲೋಟ ಬೀಳಿಸಿದವಳ ಹಾಗೆ ನಾಚಿ ಎದ್ದು ನಿಂತಳು.

"ಬರಲ್ಲ ಬಿಡಿ. ಇಸ್ತ್ರಿ ಪೆಟ್ಟಿಗೆ ಹಾಗೇ ಬಿಟ್ಟು ಬಂದಿದೀನಿ, ಬಟ್ಟೆ ಸುಟ್ಟೀತು."

ಬಾಗಿಲವರೆಗೆ ಹೋದವಳು ಅವನ ಮುಖ ನೋಡಿ ನಿಂತಳು. ಅವಳಿಗೆ ತಿಳಿದ ಸಮಾಧಾನ ಒಂದೇ ಇತ್ತು, ಅದನ್ನೇ ಹೇಳಿದಳು.

"ಅಂಗಡಿ ಯಜಮಾನ್ರು ಇವತ್ತು ಹೊಸದೇನೋ ತಂದಿದಾರಲ್ಲ, ಅದನ್ನ ಹಾಕಿ ನೋಡಿ. ಅದರಲ್ಲಿ ಇನ್ನೂ ಚೆನ್ನಾಗಿ ಬಂದೀತು."

ಡಬ್ಬಿ ವಾಪಸು ಹೋಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಗುಂಡಿಯಣ್ಣನೂ ಹೇಳಲಿಲ್ಲ.

"ಹೂಂ," ಎಂದ, "ನೋಡ್ತೀನಿ."